ಬಡತನ ಯಾಕೆ ಬರುತ್ತದೆ, ಸಮಾಜ ಕಾರ್ಯಕರ್ತರು ಹೇಗೆ ನಡೆದುಕೊಳ್ಳಬೇಕು? ಕಲಬುರಗಿ ಭಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹಳ್ಳಿ, ತಾಂಡಾ, ಸ್ಲಂಗಳಿಗೆ ಹೊಸದಾಗಿ ಕೆಲಸಕ್ಕೆ ಬರುವ, ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಓದುವ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು, ಸ್ವಯಂಸೇವಕರು ಕೇಳುವ ಪ್ರಶ್ನೆಗಳಿವು. ಊರಿನ ಜನರೂ ಇವನ್ನೇ ಕೇಳುತ್ತಾರೆ. ಕೆಲವು ಉತ್ತರಗಳು ಉದ್ದವಾಗಿವೆ. ಎರಡು ಮಾತಲ್ಲಿ ಮುಗಿಸಿದರೆ ತಪ್ಪು ತಿಳಿಯುವ ಸಾಧ್ಯತೆ ಜಾಸ್ತಿ.

ಬಡವರು ಅಂದರೆ ಯಾರು? ಬಿಪಿಎಲ್ ಕಾರ್ಡ್ ಇದ್ದವರಾ?

ಕಾರ್ಡ್ ಒಂದು ಗುರುತು, ಅಷ್ಟೇ. ಬಡತನ ಅಳೆಯುವ ರೀತಿ ಕಾಲಕಾಲಕ್ಕೆ ಬದಲಾಗಿದೆ. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ಹಾಕಿದ ದೇಶದ ಬಡತನ ರೇಖೆ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ. ಹಳ್ಳಿಯಲ್ಲಿ ದಿನಕ್ಕೆ 28 ರೂಪಾಯಿ ಖರ್ಚು ಮಾಡಿದವರು ಆ ಲೆಕ್ಕದಲ್ಲಿ ಬಡವರಲ್ಲ. ಅಷ್ಟರಲ್ಲಿ ಊಟ, ಬಟ್ಟೆ, ಔಷಧಿ, ಬಸ್ ಚಾರ್ಜ್ ಎಲ್ಲ ಮುಗಿಯಬೇಕಿತ್ತು.

ಈಗ ನೀತಿ ಆಯೋಗ ಬಹು ಆಯಾಮದ ಬಡತನ ಅಂತ ಇನ್ನೊಂದು ಲೆಕ್ಕ ಇಟ್ಟಿದೆ. ಅದರಲ್ಲಿ 12 ಅಂಶಗಳಿವೆ. ಪೌಷ್ಟಿಕತೆ, ಮಕ್ಕಳ ಸಾವು, ಬಾಣಂತಿಯ ಆರೈಕೆ, ಶಾಲೆಯ ವರ್ಷಗಳು, ಅಡುಗೆ ಉರುವಲು, ಶೌಚಾಲಯ, ಕುಡಿಯುವ ನೀರು, ಮನೆ, ಬ್ಯಾಂಕ್ ಖಾತೆ ಹೀಗೆ. ಈ ಲೆಕ್ಕದಲ್ಲಿ ಕರ್ನಾಟಕದಲ್ಲೇ ಅತಿ ಹೆಚ್ಚು ಬಡತನ ಕಂಡಿದ್ದು ಯಾದಗಿರಿ ಜಿಲ್ಲೆಯಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದರೆ ಯಾದಗಿರಿಯದು ಶೇ 52 ಕೂಡ ಮುಟ್ಟಿರಲಿಲ್ಲ. ಕಲಬುರಗಿ ಶೇ 65ರ ಹತ್ತಿರ, ಬೀದರ್ ಶೇ 70ರ ಹತ್ತಿರ ಇತ್ತು.

ಫೀಲ್ಡಿಗೆ ಹೋಗುವವರು ಒಂದು ಮಾತು ನೆನಪಿಡಬೇಕು. ಎಲ್ಲರಿಗಿಂತ ಬಡವರ ಹತ್ತಿರ ಎಷ್ಟೋ ಸಲ ಕಾರ್ಡೇ ಇರುವುದಿಲ್ಲ. ಗುಳೆ (ದುಡಿಯಲು ಊರು ಬಿಟ್ಟು) ಹೋದಾಗ ಹೆಸರು ತೆಗೆದಿರುತ್ತಾರೆ. ಮಗ ಬೇರೆ ಆದ ಮೇಲೆ ಮುದುಕಿಯ ಹೆಸರು ಯಾವ ಕಾರ್ಡಿನಲ್ಲೂ ಉಳಿದಿರುವುದಿಲ್ಲ. ಪಟ್ಟಿ ಹಿಡಿದು ಮನೆ ಹುಡುಕಿದರೆ ಇವರು ಸಿಗುವುದಿಲ್ಲ.

ನಮ್ಮ ಭಾಗದ ಜನ ಸೋಮಾರಿಗಳು, ಅದಕ್ಕೇ ಹಿಂದೆ ಬಿದ್ದಿದ್ದಾರೆ ಅನ್ನುತ್ತಾರೆ. ನಿಜಾನಾ?

ಇಲ್ಲ. ಇದಕ್ಕೆ ಸ್ವಲ್ಪ ಇತಿಹಾಸ ಬೇಕು.

ಈ ಮೂರೂ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ದಾಟಿತ್ತು. ಎಷ್ಟೋ ಭೂಮಿ ಜಾಗೀರುದಾರರ ಕೈಯಲ್ಲಿತ್ತು. ಜಾಗೀರು ರದ್ದಾಗಿದ್ದು 1949ರಲ್ಲಿ. ಆಡಳಿತ, ಉನ್ನತ ಶಿಕ್ಷಣ ಉರ್ದುವಿನಲ್ಲಿತ್ತು. ಕನ್ನಡ ಮನೆಮಾತಿನ ಮಗು ಮುಂದೆ ಓದಬೇಕಾದರೆ ಮೊದಲು ಇನ್ನೊಂದು ಭಾಷೆ ದಾಟಬೇಕಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ಹಳೇ ಮೈಸೂರಿನ ಹತ್ತಿರ ಕಾಲೇಜು, ಕಾರ್ಖಾನೆ, ಕಾಲುವೆ ಎಲ್ಲ ಇದ್ದವು. ನಮ್ಮ ಕಡೆ ಇವು ಬಹಳ ಕಡಿಮೆ.

ಆಮೇಲೂ ಅಂತರ ತುಂಬಲಿಲ್ಲ. ಪ್ರದೇಶಗಳ ನಡುವಿನ ಅಸಮತೋಲನ ನೋಡಲು ರಾಜ್ಯ ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದವೇ. ಸಂವಿಧಾನದ 371(ಜೆ) ಕಲಂ ಬಂದಿದ್ದು ಇದೇ ಅನ್ಯಾಯ ಸರಿಪಡಿಸಲು. ಅದರಿಂದ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. ಓದಿದ ಮಕ್ಕಳಿಗೆ ನಿಜವಾಗಿ ಉಪಕಾರ ಆಗಿದೆ. ಆದರೆ ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಮಗುವಿಗೆ ಮೆಡಿಕಲ್ ಸೀಟಿನ ಮೀಸಲಾತಿ ಮುಟ್ಟುವುದಿಲ್ಲ ಅಲ್ವಾ?

ಸೋಮಾರಿ ಅನ್ನುವ ಮಾತು ಬರೀ ನಮ್ಮ ಊರಿನದಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ದಾನ ಕೊಡುವ ಸಂಘಗಳು ಬಡವರನ್ನು ಯೋಗ್ಯರು, ಅಯೋಗ್ಯರು ಅಂತ ವಿಂಗಡಿಸುತ್ತಿದ್ದವು. 1899ರಲ್ಲಿ ಸೀಬೋಮ್ ರೌಂಟ್ರಿ ಎಂಬ ಸಮಾಜ ಸಂಶೋಧಕ ಅಲ್ಲಿಯ ಯಾರ್ಕ್ ಪಟ್ಟಣದ ಕೂಲಿಕಾರರ ಮನೆ ಮನೆ ಸಮೀಕ್ಷೆ ಮಾಡಿಸಿದ. ಹೊಟ್ಟೆಗೇ ಸಾಲದಷ್ಟು ಕಡು ಬಡತನದಲ್ಲಿದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮನೆಯಲ್ಲಿ ದುಡಿಯುವವನಿಗೆ ಕಾಯಂ ಕೆಲಸ ಇತ್ತು. ಕೂಲಿ ಸಾಲುತ್ತಿರಲಿಲ್ಲ. ಬೆಳಗಿನ ಜಾವ ಕಲಬುರಗಿಯ ಕೂಲಿಕಾರರು ಸೇರುವ ಯಾವುದೇ ವೃತ್ತಕ್ಕೆ ಹೋಗಿ ನಿಂತು ನೋಡಿ. ಬುತ್ತಿ ಕಟ್ಟಿಕೊಂಡು, ಸಲಿಕೆ ಹಿಡಿದು, ಯಾರಾದರೂ ಕರೆಯಲಿ ಅಂತ ಕಾಯುವವರನ್ನು ಸೋಮಾರಿ ಅನ್ನಲು ನಾಲಿಗೆ ಹೊರಳುವುದಿಲ್ಲ.

ಕಲಬುರಗಿ ತೊಗರಿಯ ಕಣಜ. ಮತ್ತೆ ರೈತ ಯಾಕೆ ಬಡವ?

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬೇಳೆಯ ರುಚಿ ಬಗ್ಗೆ ಎರಡು ಮಾತಿಲ್ಲ. ರೈತನ ಲೆಕ್ಕ ಬೇರೆ.

ಇಲ್ಲಿಯ ತೊಗರಿ ಬಹುಪಾಲು ಮಳೆ ನಂಬಿದ ಬೆಳೆ. ಜೂನ್, ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಹೊಲ ಅರ್ಧ ವರ್ಷ ಒಂದೇ ಬೆಳೆಗೆ ಕಟ್ಟಿಬಿದ್ದಿರುತ್ತದೆ. ನೆಟೆ ರೋಗ ಬಂದರೆ ಹೂವು, ಕಾಯಿ ಇದ್ದ ಗಿಡ ನಿಂತಲ್ಲೇ ಒಣಗುತ್ತದೆ. ಹಾಕಿದ ಖರ್ಚಂತೂ ಅಷ್ಟರಲ್ಲಿ ಮುಗಿದಿರುತ್ತದೆ.

ಬೆಳೆ ಚೆನ್ನಾಗಿ ಬಂದರೂ ಎಲ್ಲರ ರಾಶಿ ಒಟ್ಟಿಗೇ ಮಾರುಕಟ್ಟೆಗೆ ಬರುತ್ತದೆ, ದರ ಇಳಿಯುತ್ತದೆ. 2024-25ರಲ್ಲಿ ಸರ್ಕಾರ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ಬೆಲೆ ಸಿಗಬೇಕಾದರೆ ಹೆಸರು ನೋಂದಾಯಿಸಬೇಕು, ಪಹಣಿ ಬೇಕು, ಸರದಿ ಕಾಯಬೇಕು, ರೊಕ್ಕ ಖಾತೆಗೆ ಬರುವವರೆಗೆ ತಡೆಯಬೇಕು. ಬೀಜ, ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಸಾಲ ಮಾಡಿದವನು ತಡೆಯಲಾರ. ಸಾಲ ಕೊಟ್ಟವನ ಅಂಗಡಿಗೇ ಚೀಲ ಇಳಿಸಬೇಕು. ಪಾಲಿಗೆ ಹೊಲ ಮಾಡಿದವನ ಹೆಸರಲ್ಲಿ ಪಹಣಿಯೇ ಇರುವುದಿಲ್ಲ. ಬೆಳೆ ಪರಿಹಾರ ಬಂದರೂ ಅದು ಹೊಲದ ಮಾಲೀಕನ ಖಾತೆಗೆ ಹೋಗುತ್ತದೆ.

ನೀರಿನ ಮಾತೂ ಹೀಗೇ. ಕೃಷ್ಣಾ, ಭೀಮಾ ಎರಡೂ ನಮ್ಮ ಕಡೆ ಹರಿಯುತ್ತವೆ. ನಾರಾಯಣಪುರದ ಕಾಲುವೆ ಮುಟ್ಟಿದ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ನಿಂತಿದೆ. ಕಾಲುವೆಯ ಕೊನೆಯಲ್ಲಿರುವವರು ನೀರಿಗಾಗಿ ರಾತ್ರಿ ಕಾಯುತ್ತಾರೆ. ಕಾಲುವೆ ಮುಟ್ಟದ ಊರಿನವರು ಗುಳೆ ಹೋಗುತ್ತಾರೆ. ವಾಡಿ, ಸೇಡಂ ಸಿಮೆಂಟ್, ಶಹಾಬಾದ್ ಕಲ್ಲು ದೇಶದ ತುಂಬ ಹೋಗಿವೆ. ಸಂಪತ್ತು ಇರುವ ಜಿಲ್ಲೆಯಲ್ಲೇ ಬಡತನ ಇದೆ ಅನ್ನುವುದನ್ನು ಮೊದಲು ಒಪ್ಪಬೇಕು. ಆಗ ಆ ಸಂಪತ್ತು ಯಾರ ಪಾಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ.

ಜನ ಯಾಕೆ ಗುಳೆ ಹೋಗುತ್ತಾರೆ? ಊರಲ್ಲೇ ಇರಬಾರದಾ?

"ಇಲ್ಲಿ ಕುಂತ್ರ ಹೊಟ್ಟಿ ತುಂಬ್ತದೇನ್ರಿ?" ತಾಂಡಾದಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಇದು.

ಲೆಕ್ಕ ಹಾಕಿ ನೋಡೋಣ. ಮಗಳ ಮದುವೆಗೋ ಆಸ್ಪತ್ರೆಗೋ ಒಂದು ಮನೆ 50,000 ರೂಪಾಯಿ ಸಾಲ ಮಾಡಿತು ಅಂತ ಇಟ್ಟುಕೊಳ್ಳಿ. ಬಡ್ಡಿ ನೂರಕ್ಕೆ ಮೂರು. ಕೇಳಲು ಸಣ್ಣದು. ತಿಂಗಳಿಗೆ 1,500, ವರ್ಷಕ್ಕೆ 18,000. ಅಸಲು ಹಾಗೇ ಇರುತ್ತದೆ. ಎರಡು ಎಕರೆ ಒಣ ಹೊಲದಿಂದ ಇದನ್ನು ತೀರಿಸಲು ಆಗುವುದಿಲ್ಲ. ಆಗ ಮೇಸ್ತ್ರಿ ಬರುತ್ತಾನೆ, ಗಂಡ ಹೆಂಡತಿ ಜೋಡಿಗೆ ಮುಂಗಡ ಕೊಡುತ್ತಾನೆ. ಹಳೆ ಸಾಲ ತೀರುತ್ತದೆ. ಬದಲಿಗೆ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವುದೋ, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕಟ್ಟಡ ಕೆಲಸವೋ ಮಾಡಬೇಕು. ಮುಂಗಡ ತೀರುವವರೆಗೆ ಅಲ್ಲಿಂದ ಕದಲುವಂತಿಲ್ಲ.

ಎಲ್ಲ ಗುಳೆಯೂ ಜೀತ ಅಲ್ಲ. ಒಳ್ಳೆ ಕೂಲಿ ಸಿಗುತ್ತದೆ ಅಂತ ಇಷ್ಟಪಟ್ಟು ಹೋಗುವವರಿದ್ದಾರೆ, ದುಡಿದು ಮನೆ ಕಟ್ಟಿದವರೂ ಇದ್ದಾರೆ. ಆದರೆ ಮುಂಗಡ ಕೊಟ್ಟು, ಬಿಟ್ಟು ಹೋಗದಂತೆ ತಡೆದು ದುಡಿಸಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಪರಾಧ. ಆ ಸಾಲವೇ ಕಾನೂನಿನ ಪ್ರಕಾರ ರದ್ದಾಗುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ.

ಮಕ್ಕಳ ಪಾಡು ಕೇಳಬೇಡಿ. ತೊಗರಿ ರಾಶಿ ಮುಗಿಯುವ ಮೊದಲೇ ಬಿಡಾರ ಹೊರಟರೆ ಪರೀಕ್ಷೆ ಹೋಯಿತು. ತಂಗಿಯನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯೂ ಜೊತೆಗೆ ಹೋಗುತ್ತಾಳೆ. ಮುಂದಿನ ವರ್ಷ ಅವಳು ಕ್ಲಾಸಿನಲ್ಲಿ ಹಿಂದೆ, ಅದರ ಮುಂದಿನ ವರ್ಷ ಶಾಲೆಯಲ್ಲೇ ಇಲ್ಲ.

ಕುಡಿತದಿಂದಲೇ ಬಡತನ ಅಲ್ವಾ?

ಕುಡಿತ ಮನೆ ಹಾಳು ಮಾಡುತ್ತದೆ. ಹೆಣ್ಣುಮಕ್ಕಳನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ, ಅವರ ಮಾತನ್ನು ತಳ್ಳಿಹಾಕಬಾರದು. ಆದರೆ ಕುಡಿಯುವ ಶ್ರೀಮಂತರೂ ಇದ್ದಾರೆ. ಅವರ ಮಕ್ಕಳು ಶಾಲೆ ಬಿಡುವುದಿಲ್ಲ, ಯಾಕೆಂದರೆ ಅವರ ಮನೆಗೆ ಬೇರೆ ಆಸರೆ ಇದೆ. ಕುಡಿಯದ ಬಡವರಂತೂ ಲೆಕ್ಕವಿಲ್ಲದಷ್ಟು ಇದ್ದಾರೆ. ಕುಡಿತಕ್ಕೆ ಚಿಕಿತ್ಸೆ ಬೇಕು, ಕೂಲಿ ಹೆಚ್ಚಬೇಕು. ಎರಡೂ ಕೆಲಸ ಬೇರೆ ಬೇರೆ.

ಜಾತಿಗೂ ಬಡತನಕ್ಕೂ ಈಗಲೂ ಸಂಬಂಧ ಇದೆಯಾ?

ಇದೆ. ಯಾವ ಓಣಿಗೆ ನೀರಿನ ಪೈಪು ಕೊನೆಗೆ ಬಂತು, ಊರ ಹೊಲದಲ್ಲಿ ಯಾರ ಹೆಸರಿಗೆ ಎಷ್ಟು ಪಹಣಿ ಇದೆ, ಚರಂಡಿಗೆ ಇಳಿಯಲು ಯಾರನ್ನು ಕರೆಯುತ್ತಾರೆ, ನೋಡಿದರೆ ಗೊತ್ತಾಗುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಆ ಪದ್ಧತಿಗೆ ಸಿಕ್ಕವರು ಯಾವ ಜಾತಿಯ, ಯಾವ ಮನೆಯ ಹೆಣ್ಣುಮಕ್ಕಳು ಅನ್ನುವುದು ಎಲ್ಲರಿಗೂ ಗೊತ್ತು.

ಕಾಗದದ ವಿಷಯ ಹೇಳುತ್ತೇನೆ. ಎಷ್ಟೋ ತಾಂಡಾ, ಹಟ್ಟಿಗಳು ಸರ್ಕಾರದ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಅಜ್ಜನ ಕಾಲದಿಂದ ಇದ್ದ ಮನೆಗೂ ಹಕ್ಕುಪತ್ರ ಇರಲಿಲ್ಲ. ಹಕ್ಕುಪತ್ರ ಇಲ್ಲದೆ ಮನೆ ಯೋಜನೆ ಇಲ್ಲ, ಬ್ಯಾಂಕ್ ಸಾಲ ಇಲ್ಲ. ಅವನ್ನು ಕಂದಾಯ ಗ್ರಾಮ ಮಾಡಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಒಂದು ಹಾಳೆಗಾಗಿ ಎಷ್ಟು ತಲೆಮಾರು ಕಾಯಬೇಕಾಯಿತು ನೋಡಿ.

ಗ್ಯಾರಂಟಿ ರೊಕ್ಕ, ಪುಕ್ಕಟೆ ಅಕ್ಕಿ ಕೊಟ್ಟರೆ ಜನ ಕೆಲಸ ಬಿಡುತ್ತಾರೆ, ಹೌದಾ?

ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ. ದಿನಕ್ಕೆ 66 ರೂಪಾಯಿ ಚಿಲ್ಲರೆ. ಇಡೀ ಮನೆಗೆ ಅಷ್ಟು. ಇದನ್ನು ನಂಬಿ ಯಾರೂ ಕೆಲಸ ಬಿಡಲಾರರು. ಆಗುವುದು ಇಷ್ಟೇ: ಮನೆಯಲ್ಲಿ ಅಕ್ಕಿ ಇದ್ದರೆ, ಹೊಲದ ಮಾಲೀಕ ಹೇಳಿದ ಕೂಲಿಗೆ ಸುಮ್ನೆ ತಲೆಯಾಡಿಸುವುದಿಲ್ಲ. ಇನ್ನು ಐವತ್ತು ಜಾಸ್ತಿ ಕೊಡ್ರಿ ಅನ್ನುತ್ತಾರೆ. ಆಳು ಸಿಗುವುದಿಲ್ಲ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಸಣ್ಣ ರೈತನಿಗೆ ಇದರಿಂದ ಕಷ್ಟ ಆಗುವುದು ನಿಜ. ಅದಕ್ಕೆ ಪರಿಹಾರ ಅವನ ಬೆಳೆಗೆ ಬೆಲೆ ಕೊಡಿಸುವುದು. ಕೂಲಿಯವರನ್ನು ಹಸಿದಿರುವಂತೆ ಇಡುವುದು ಪರಿಹಾರ ಆಗಲಾರದು.

ದಾನ ಮಾಡುವುದಕ್ಕೂ ಸಮಾಜ ಕಾರ್ಯಕ್ಕೂ ಏನು ವ್ಯತ್ಯಾಸ?

ಹಸಿದವರಿಗೆ ಊಟ ಹಾಕುವುದು ಒಳ್ಳೆಯದೇ. ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಅಲ್ಲಿ ಶರಣರು ಕಾಯಕದ ಜೊತೆ ದಾಸೋಹ ಇಟ್ಟರು. ದಾಸೋಹದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ ಇಲ್ಲ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯನನ್ನು, ಬೇಕಾದ್ದಕ್ಕಿಂತ ಜಾಸ್ತಿ ತಂದ ಅಕ್ಕಿಯನ್ನು ವಾಪಸ್ ಸುರಿದು ಬಾ ಅಂತ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಬಡವಿಗೆ ಇರುವ ಮರ್ಯಾದೆ ಅದು. ಸಮಾಜ ಕಾರ್ಯ ಶುರುವಾಗಬೇಕಾದ್ದು ಅಲ್ಲಿಂದ.

ವೃತ್ತಿಯಾಗಿ ಇದನ್ನು ಕಲಿಸಲು ನಮ್ಮ ದೇಶದಲ್ಲಿ ಮೊದಲ ಶಾಲೆ ಶುರುವಾಗಿದ್ದು 1936ರಲ್ಲಿ, ಮುಂಬೈಯಲ್ಲಿ. ಈಗ ಅದೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಅಮೆರಿಕದ ಸಮಾಜ ಕಾರ್ಯ ಪ್ರಾಧ್ಯಾಪಕ ಫೆಲಿಕ್ಸ್ ಬಿಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ವಗಳನ್ನು ಎಲ್ಲ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುತ್ತಾರೆ. ಫೀಲ್ಡಿನಲ್ಲಿ ಮೂರು ನಿಮ್ಮನ್ನು ಪರೀಕ್ಷೆ ಮಾಡುತ್ತವೆ: ತೀರ್ಪು ಕೊಡದೆ ಕೇಳುವುದು, ಅವರ ನಿರ್ಧಾರ ಅವರದೇ ಅನ್ನುವುದು, ಗುಟ್ಟು ಕಾಯುವುದು.

ದಾನಕ್ಕೂ ಸಮಾಜ ಕಾರ್ಯಕ್ಕೂ ಇರುವ ವ್ಯತ್ಯಾಸ ತಿಳಿಯಲು ಒಂದು ನೋಟ ಸಾಕು. ನ್ಯಾಯಬೆಲೆ ಅಂಗಡಿಯ ಮುಂದೆ ಒಬ್ಬ ಆಯಿ (ಅಜ್ಜಿ) ತಂಬ್ (ಹೆಬ್ಬೆರಳ ಗುರುತು) ಕೊಡುತ್ತಾಳೆ. ಮಷೀನು ತಗೊಳ್ಳುವುದಿಲ್ಲ. ಸೆರಗಿಗೆ ಬೆರಳು ಒರೆಸಿ ಮತ್ತೆ ಇಡುತ್ತಾಳೆ, ಆಗಲೂ ಇಲ್ಲ. ಕಲ್ಲು ಹೊತ್ತು, ಹತ್ತಿ ಬಿಡಿಸಿ ಬೆರಳ ಗೆರೆ ಸವೆದುಹೋಗಿವೆ. ಹಿಂದೆ ನಿಂತವರು ಸರಿ ಬೇ ಅನ್ನುತ್ತಾರೆ. ಅವಳು ಚೀಲ ಮಡಚಿಕೊಂಡು ತಪ್ಪು ಮಾಡಿದವಳಂತೆ ಪಕ್ಕಕ್ಕೆ ಸರಿಯುತ್ತಾಳೆ. ತಂಬ್ ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ಸೂಚನೆ ಕೊಟ್ಟಿದೆ. ಅವಳಿಗೆ ನಿಮ್ಮ ಕೈಯಿಂದ ಐದು ಕೆಜಿ ಅಕ್ಕಿ ಕೊಟ್ಟರೆ ಅದು ದಾನ. ಬೇರೆ ವಿಧಾನದಲ್ಲಿ ಗುರುತು ನೋಡಿ ಅವಳ ಪಾಲಿನ ಅಕ್ಕಿ ಕೊಡಿಸಿದರೆ, ಮುಂದಿನ ತಿಂಗಳು ಹೀಗಾಗದಂತೆ ಆಹಾರ ಇಲಾಖೆಯಲ್ಲಿ ಬರೆಸಿಕೊಟ್ಟರೆ, ಅದು ಸಮಾಜ ಕಾರ್ಯ. ಆ ದಿನ ಅವಳ ಮನೆಯಲ್ಲಿ ಏನೂ ಇಲ್ಲದಿದ್ದರೆ ಎರಡನ್ನೂ ಮಾಡಿ.

ಅವರಿಗೆ ಒಳ್ಳೆಯದು ಯಾವುದು ಅಂತ ನಮಗೆ ಗೊತ್ತಿದ್ದಾಗಲೂ ಅವರು ಹೇಳಿದ್ದೇ ನಡೆಯಬೇಕಾ?

ಬಹಳ ಸಲ, ಹೌದು. ಒಬ್ಬ ಅಕ್ಕನಿಗೆ ಹೊಲಿಗೆ ಮಷೀನು ಕೊಡಿಸಲು ನೀವು ಓಡಾಡಿರುತ್ತೀರಿ. ಅವಳು ಬೇಡ, ಎರಡು ಆಡು ಕೊಡಿಸ್ರಿ ಅನ್ನುತ್ತಾಳೆ. ಕಾರಣ ಕೇಳಿ. ಊರಲ್ಲಿ ಆಗಲೇ ಹೊಲಿಯುವವರು ನಾಲ್ಕು ಜನ ಇದ್ದಾರೆ, ಕರೆಂಟು ಹಗಲು ಇರುವುದಿಲ್ಲ, ಆಡು ಆದರೆ ಆಸ್ಪತ್ರೆ ಖರ್ಚು ಬಂದಾಗ ಮಾರಬಹುದು. ಅವಳ ಲೆಕ್ಕ ನಿಮ್ಮದಕ್ಕಿಂತ ಗಟ್ಟಿ.

ಆದರೆ ಇದಕ್ಕೂ ಮಿತಿ ಇದೆ. ಹದಿನೈದರ ಹುಡುಗಿಗೆ ಮದುವೆ ಗೊತ್ತು ಮಾಡಿ, ನಮ್ಮ ಮನೆ ವಿಷಯ ನಮ್ಮ ನಿರ್ಧಾರ ಅಂದರೆ ಒಪ್ಪುವಂತಿಲ್ಲ. ಅಲ್ಲಿ ನಿರ್ಧಾರ ಮನೆಯವರದಲ್ಲ, ಹುಡುಗಿ ಹೂಂ ಅಂದರೂ ಕಾನೂನು ಒಪ್ಪುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಹಾಗಂತ ತಂದೆತಾಯಿಯನ್ನು ರಾಕ್ಷಸರಂತೆ ನೋಡಬೇಡಿ. ಗುಳೆ ಹೋದಾಗ ಬೆಳೆದ ಹುಡುಗಿಯನ್ನು ಎಲ್ಲಿ ಬಿಟ್ಟು ಹೋಗುವುದು ಅನ್ನುವ ಭಯ ಅವರಿಗೆ ಇರುತ್ತದೆ. ಹಾಸ್ಟೆಲ್ ಸೀಟು ಕೊಡಿಸಿದರೆ ಎಷ್ಟೋ ಮದುವೆ ತಾನಾಗೇ ಮುಂದೆ ಹೋಗುತ್ತವೆ.

ಕಿಟ್ ಹಂಚುವಾಗ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬಹುದಾ?

ಬೇಡ. ದಾನಿಗಳಿಗೆ ಲೆಕ್ಕ ಬೇಕಾದರೆ ಚೀಲಗಳ ಫೋಟೊ ಕಳಿಸಿ, ಬಿಲ್ ಕಳಿಸಿ. ಮುಖ ಯಾಕೆ? ಆ ಫೋಟೊ ನಾಳೆ ಅವರ ಮಗಳ ಕ್ಲಾಸಿನ ಗ್ರೂಪಿಗೂ ಬರುತ್ತದೆ. ರಕ್ಷಣೆಗೆ ಬಂದ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ.

ಗುಟ್ಟು ಕಾಯುವುದಕ್ಕೂ ಒಂದು ಗೆರೆ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲೇ ಹೇಳಿಬಿಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ಆಮೇಲೆ ಮುರಿಯಬಾರದು.

ಯಾರಾದರೂ ಕೈಸಾಲ ಕೇಳಿದರೆ?

ಕೊಡಬೇಡಿ. ಕೊಟ್ಟ ದಿನದಿಂದ ನೀವೂ ಅವರಿಗೆ ಸಾಲ ಕೊಟ್ಟವರ ಪಟ್ಟಿಯಲ್ಲಿ ಒಬ್ಬರು. ನಿಮ್ಮನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾರೆ. ಸ್ವಸಹಾಯ ಸಂಘಕ್ಕೆ ಸೇರಿಸಿ. ಜೀವದ ಪ್ರಶ್ನೆ ಆದರೆ ಆಂಬುಲೆನ್ಸ್ ಕರೆಸಿ, ಆಸ್ಪತ್ರೆಗೆ ಜೊತೆಗೆ ಹೋಗಿ.

ಡಿಗ್ರಿ ಇಲ್ಲದವರು ಎಲ್ಲಿಂದ ಶುರು ಮಾಡಬೇಕು?

ಒಂದು ಓಣಿಯಿಂದ. ಊರೆಲ್ಲ ಸುತ್ತಬೇಡಿ. ಒಂದು ಓಣಿಯಲ್ಲಿ ಯಾರಿಗೆ ಪಿಂಚಣಿ ನಿಂತಿದೆ, ಯಾವ ಮಗು ಶಾಲೆಗೆ ಹೋಗುತ್ತಿಲ್ಲ, ಯಾರ ಮನೆ ಬೀಗ ಹಾಕಿದೆ ಅನ್ನುವುದನ್ನು ಬಾಗಿಲಲ್ಲಿ ನಿಂತು ಬರೆದುಕೊಳ್ಳದೆ, ಕಟ್ಟೆಯ ಮೇಲೆ ಕೂತು ಮಾತಾಡಿ ತಿಳಿದುಕೊಳ್ಳಿ. ದೊಡ್ಡವರನ್ನು ಆಯಿ, ಮುತ್ಯಾ, ಕಾಕಾ ಅಂತ ಕರೆಯಿರಿ. ಫಲಾನುಭವಿ ಅನ್ನುವ ಮಾತು ವರದಿಯಲ್ಲಿ ಇರಲಿ.

ಕೆಲವು ವಿಷಯ ಗೊತ್ತಿದ್ದರೆ ಬಹಳ ಕೆಲಸ ಆಗುತ್ತದೆ. ಗುಳೆಯಿಂದ ಬಂದ ಮಗುವಿನ ಹತ್ತಿರ ಟಿಸಿ ಇಲ್ಲ ಅಂತ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಅದನ್ನು ತಡೆಯುತ್ತದೆ. ಗುಳೆ ಹೋದವರು ತಮ್ಮ ಪಾಲಿನ ಆಹಾರ ಧಾನ್ಯವನ್ನು ಬೇರೆ ರಾಜ್ಯದಲ್ಲೂ ಅದೇ ಕಾರ್ಡಿನ ಮೇಲೆ ತಗೊಳ್ಳಬಹುದು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ.

ಕಚೇರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರೇ ಮಾತಾಡಲಿ. ಸರ್ಕಾರದ 'ಸಕಾಲ' ವ್ಯವಸ್ಥೆಯಲ್ಲಿ ಬರುವ ಸೇವೆಯಾದರೆ, ಅರ್ಜಿಯ ಗುರುತಿನ ಜಿಎಸ್‌ಸಿ ನಂಬರ್ ಇರುವ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಅನ್ನುವುದು 2011ರ ಸಕಾಲ ಕಾಯ್ದೆಯಲ್ಲೇ ನಿಗದಿ ಆಗಿದೆ. ದಿನ ದಾಟಿದರೆ ಅದೇ ನಂಬರಿನ ಮೇಲೆ ಮೇಲ್ಮನವಿ ಹಾಕಬಹುದು. ಚೀಟಿ ಅರ್ಜಿ ಹಾಕಿದವರ ಹತ್ತಿರವೇ ಇರಲಿ, ನೀವು ಬರೀ ನಂಬರ್ ಬರೆದುಕೊಳ್ಳಿ.